ಏತದ ಮೇಲೆ ನಿಂತವನ ಕಾಲು

ಕಳೆದ ತಿಂಗಳು ಬೆಂಗಳೂರಿನ ಒಂದು ಅಂಚೆಚೀಟಿ ಮೇಳದಲ್ಲಿ ನೂರು ವರ್ಷಕ್ಕೂ ಹಳೆಯ ಪೋಸ್ಟ್‌ಕಾರ್ಡ್ ಕೊಂಡೆ. ಒಂದು ಬಾವಿ, ಪಕ್ಕದಲ್ಲಿ ಏತ, ಅಂದರೆ ಉದ್ದನೆಯ ಮರವನ್ನು ತುಳಿದು ಬಾವಿಯಿಂದ ನೀರೆತ್ತುವ ಸಾಧನ. ಏತದ ಮರದ ಮೇಲೆ ಒಬ್ಬ ನಿಂತಿದ್ದಾನೆ, ಬಾವಿ ಅಂಚಿನಲ್ಲಿ ನೀರು ತುಂಬುವ ಬಾನಿ ಹಿಡಿದು ಇನ್ನೊಬ್ಬ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದ: ಪಿಕೋಟಾ.

ನಮ್ಮ ಏತಕ್ಕೆ ಇಂಗ್ಲಿಷರು ಕರೆಯುತ್ತಿದ್ದ ಹೆಸರು ಅದು. ಅದೂ ಅವರದ್ದಲ್ಲ, ಪೋರ್ಚುಗೀಸರಿಂದ ಬಂದದ್ದು. ಆ ಇಬ್ಬರ ಹೆಸರು ಕಾರ್ಡಿನಲ್ಲಿಲ್ಲ, ಊರಿನ ಹೆಸರಿಲ್ಲ. ಕೊನೆಗೆ ಏತಕ್ಕೆ ಏತ ಅನ್ನುವ ಹೆಸರೂ ಇಲ್ಲ. ನನಗೆ ತುಂಬಾ ಬೇಜಾರಾಯಿತು.

ಇಂಥ ಕಾರ್ಡುಗಳು ಆಗ ರಾಶಿ ರಾಶಿ ಅಚ್ಚಾಗುತ್ತಿದ್ದವು. ಮದ್ರಾಸಿನ ವೀಲೆ ಅಂಡ್ ಕ್ಲೈನ್ ಸ್ಟುಡಿಯೋದವರು, ಮದ್ರಾಸು-ಬೆಂಗಳೂರು ಎರಡೂ ಕಡೆ ಅಂಗಡಿಯಿದ್ದ ಹಿಗ್ಗಿನ್‌ಬಾಥಮ್ಸ್‌ನವರು ಮಾರುತ್ತಿದ್ದರು. ಎಷ್ಟೋ ಕಾರ್ಡುಗಳು ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ಕಪ್ಪು ಬಿಳುಪು ಫೋಟೋಗೆ ಬಣ್ಣ ತುಂಬಿದ್ದು ನಮ್ಮ ಹೊಲ, ಮಣ್ಣು ಕಂಡೇ ಇರದ ಜನ. ಹಾಗಾಗಿ ಕಾರ್ಡಿನಲ್ಲಿ ಕಾಣುವ ಕೆಂಪು ರುಮಾಲು ನಿಜಕ್ಕೂ ಕೆಂಪಾಗಿತ್ತು ಅಂತ ನಂಬಬೇಡಿ. ಬ್ರಿಟನ್ನಿನಲ್ಲಿ 1902ರವರೆಗೆ ವಿಳಾಸದ ಕಡೆ ಬೇರೆ ಏನೂ ಬರೆಯುವ ಹಾಗಿರಲಿಲ್ಲ. ಹೇಳಬೇಕಾದದ್ದನ್ನು ಚಿತ್ರದ ಕಡೆಗೇ ಗೀಚಬೇಕಿತ್ತು. ಚಿತ್ರದಲ್ಲಿದ್ದ ಅಗಸರ, ಕುಂಬಾರರ ಎದೆಯ ಮೇಲೇ ಯಾರದೋ ಕ್ಷೇಮ ಸಮಾಚಾರ.

ಮೇಳದಿಂದ ನೇರ ಊರಿಗೆ ಹೋಗಿ ಕಾರ್ಡನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಎಂಬತ್ತು ದಾಟಿದೆ. ಪಂಪ್‌ಸೆಟ್ ಬರುವ ಮುಂಚೆ ಹುಡುಗನಾಗಿದ್ದಾಗ ಏತ ತುಳಿದವರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇವರು ನೀರೆತ್ತುತಾ ಇಲ್ಲ ಕಣೋ" ಅಂದರು.

"ಹೆಂಗೆ ಗೊತ್ತಾಯ್ತು ದೊಡ್ಡಪ್ಪ?"

"ನೆಲ ನೋಡು, ಒಣಗಿದೆ. ಏತದ ಹತ್ರ ಹಿಂಗಿರ್ತದಾ? ಕಾಲಿಟ್ರೆ ಕೆಸರು. ಬಾನಿ ಮೇಲೆ ಬರುವಾಗ ಸುತ್ತ ನೀರು ಚೆಲ್ತಾ ಇರುತ್ತೆ. ಇದು ಫೋಟೋಗೆ ನಿಲ್ಲಿಸಿರೋದು."

ಆಮೇಲೆ ಬೆರಳನ್ನು ಮೇಲಿದ್ದವನ ಪಾದದ ಹತ್ತಿರ ತಂದರು. "ಆದ್ರೆ ಇವನು ಏತದವನೇ. ಹೆಬ್ಬೆರಳು ನೋಡು, ಮರಾನ ಹೆಂಗೆ ಕಚ್ಚಿ ಹಿಡಿದವೆ. ಗೊತ್ತಿಲ್ದೋನು ಅಲ್ಲಿ ನಿಂತ್ರೆ ಇಷ್ಟೊತ್ತಿಗೆ ಬಾವೀಲಿರ್ತಿದ್ದ."

ನಾನು ಆ ಕಾರ್ಡನ್ನು ಹತ್ತಾರು ಸಲ ನೋಡಿದ್ದೆ. ಕಾಲು ಕಂಡೇ ಇರಲಿಲ್ಲ.

ಅವತ್ತು ದೊಡ್ಡಪ್ಪ ಮಾತಾಡುತ್ತಲೇ ಇದ್ದರು. ಮೇಲಿನವನು ಬಾವಿ ಕಡೆಗೆ ನಡೆದರೆ ಆ ತುದಿ ಬಾಗಿ ಬಾನಿ ನೀರಿಗಿಳಿಯುತ್ತೆ, ಹಿಂದಕ್ಕೆ ನಡೆದರೆ ಮೇಲೇಳುತ್ತೆ. ಕೆಳಗಿನವನು ಬಿದಿರಿನ ಗಳ ಹಿಡಿದು ದಾರಿ ತೋರಿಸಬೇಕು, ಬಾನಿಯನ್ನು ಕಾಲುವೆಗೆ ಬಗ್ಗಿಸಬೇಕು. ಎಷ್ಟು ಬಾನಿ ಆಯಿತು ಅಂತ ಹಾಡಿನಲ್ಲೇ ಲೆಕ್ಕ. ಬೆಳಗಿನ ಜಾವ ಶುರು ಮಾಡಿದರೆ ಬಿಸಿಲೇರುವಷ್ಟರಲ್ಲಿ ತೊಡೆ ನಡುಗುತ್ತಿತ್ತಂತೆ.

ಇಂಥ ಚಿತ್ರ ಫೇಸ್‌ಬುಕ್ಕಿನಲ್ಲಿ ಬಂದರೆ ಸಾಕು, "ಆ ಕಾಲ ಎಷ್ಟು ಚೆನ್ನಾಗಿತ್ತು" ಅಂತ ನೂರು ಕಾಮೆಂಟು ಬೀಳುತ್ತವೆ. ತೊಡೆ ನಡುಗಿದವರನ್ನು ಕೇಳಿ ನೋಡಿ. ಇನ್ನು ಕೆಲವರು ಇವೆಲ್ಲ ದೊರೆಗಳ ಕಣ್ಣಿಗೆ ಮಾಡಿಸಿದ ಬೊಂಬೆಯಾಟ ಅಂತ ತಳ್ಳಿಹಾಕುತ್ತಾರೆ. ಅದರಲ್ಲಿ ನಿಜವಿದೆ, ದೊಡ್ಡಪ್ಪನೇ ಕಂಡುಹಿಡಿದರಲ್ಲ. ಆದರೆ ಆ ಹೆಬ್ಬೆರಳನ್ನು ಯಾವ ಫೋಟೋಗ್ರಾಫರೂ ಹೇಳಿಕೊಟ್ಟಿದ್ದಲ್ಲ. ಅದಕ್ಕೇ ಈ ಕಾರ್ಡುಗಳು ನನಗೆ ಬೇಕು.

2018ರಲ್ಲಿ ಲಂಡನ್ನಿನ ಸೋಯಾಸ್ ವಿಶ್ವವಿದ್ಯಾಲಯದಲ್ಲಿ ಮದ್ರಾಸು-ಬೆಂಗಳೂರಿನ ಹಳೇ ಪೋಸ್ಟ್‌ಕಾರ್ಡುಗಳ ಪ್ರದರ್ಶನವೇ ನಡೆದಿತ್ತು. ಖುಷಿಯ ವಿಷಯ. ಆದರೆ ಏತ ತುಳಿದ ಕಾಲುಗಳು ನಮ್ಮ ಮನೆಯ ಜಗಲಿಯಲ್ಲಿವೆ, ಅಲ್ವಾ? ದಯವಿಟ್ಟು ಇಂಥ ಚಿತ್ರ ಸಿಕ್ಕಾಗ ಸುಮ್ನೆ ಶೇರ್ ಮಾಡಬೇಡಿ. ಮೊದಲು ಮನೆಯ ಹಿರಿಯರಿಗೆ ತೋರಿಸಿ. ಅವರು ಹೇಳುವ ಪದಗಳನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆಯಿರಿ. ಬೇಗ ಮಾಡಿ, ಜಾಸ್ತಿ ಸಮಯವಿಲ್ಲ.

ಈಗ ಎತ್ತುಗಳಿಂದ ನೀರೆತ್ತಿಸುವ ಕಪಿಲೆ ಬಾವಿಯ ಕಾರ್ಡೊಂದು ಸಿಕ್ಕಿದೆ. ಎತ್ತುಗಳು ಇಳಿಜಾರಿನಲ್ಲಿವೆ, ತೊಗಲಿನ ಬಾನಿ ಬಾವಿಯ ಬಾಯಿಗೆ ಬಂದಿದೆ. ನೀರು ಸುರಿದ ಮೇಲೆ ಎತ್ತುಗಳನ್ನು ಹಿಂದಕ್ಕೇ ನಡೆಸುತ್ತಿದ್ದರಾ, ಹಗ್ಗ ಬಿಚ್ಚಿ ತಿರುಗಿಸಿ ತರುತ್ತಿದ್ದರಾ? ಭಾನುವಾರ ದೊಡ್ಡಪ್ಪನನ್ನು ಕೇಳಬೇಕು.