‘ಕ್ಷಮಿಸಿ, ಮರೆತುಬಿಡಿ’ ಎಂಬುದು ಬೈಬಲಿನ ವಚನವೇ?

‘ಕ್ಷಮಿಸಿ, ಮರೆತುಬಿಡಿ’ ಎಂಬುದು ಬೈಬಲಿನ ಆಜ್ಞೆ, ಆದ್ದರಿಂದ ನೊಂದವರು ಅನ್ಯಾಯದ ಮಾತನ್ನೇ ಎತ್ತಬಾರದು ಎನ್ನುವ ಸಂದೇಶ ಮತ್ತೆ ಮತ್ತೆ ಹರಿದಾಡುತ್ತದೆ. ಇಂಥದೊಂದು ವಚನ ಬೈಬಲಿನಲ್ಲಿ ಇಲ್ಲ. ಬೈಬಲಿನ ಯೆರೆಮೀಯ ಪುಸ್ತಕದ 31:34ರಲ್ಲಿ (31ನೆಯ ಅಧ್ಯಾಯ, 34ನೆಯ ವಚನ) ಪಾಪವನ್ನು ಇನ್ನು ನೆನಪಿಗೆ ತರುವುದಿಲ್ಲವೆಂದು ದೇವರು ಹೇಳುವುದು ತನ್ನ ಬಗ್ಗೆ. ಅದು ನೊಂದವರಿಗೆ ವಿಧಿಸಿದ ಮೌನವಲ್ಲ. ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂದು ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳುವ ಮತ್ತಾಯ ಪುಸ್ತಕದ 18ನೆಯ ಅಧ್ಯಾಯವೇ, ಅದಕ್ಕೂ ಮೊದಲು 15ರಿಂದ 17ನೆಯ ವಚನಗಳಲ್ಲಿ, ತಪ್ಪು ಮಾಡಿದವನಿಗೆ ಅವನ ತಪ್ಪನ್ನು ತಿಳಿಸಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಆಗಲೂ ಕೇಳದಿದ್ದರೆ ಸಭೆಗೆ, ಅಂದರೆ ವಿಶ್ವಾಸಿಗಳ ಸಮುದಾಯಕ್ಕೆ, ಹೇಳಬೇಕು ಎನ್ನುತ್ತದೆ. ಹಂಚುವವರ ಉದ್ದೇಶ ಬಹುಪಾಲು ಸಮಾಧಾನವನ್ನು ಬಯಸುವುದೇ ಆಗಿರುತ್ತದೆ. ಆದರೂ ಇಂಥ ಸಂದೇಶ ಬಂದಾಗ ಪುಸ್ತಕ, ಅಧ್ಯಾಯ, ವಚನ ಯಾವುದೆಂದು ಕೇಳಿ, ಆ ಭಾಗವನ್ನು ಹಿಂದುಮುಂದಿನ ವಚನಗಳೊಂದಿಗೆ ಓದಬಹುದು. ಉಲ್ಲೇಖವೇ ಇಲ್ಲದಿದ್ದರೆ ಬೈಬಲ್ ಆ್ಯಪಿನಲ್ಲಿ ಅದರ ಮುಖ್ಯ ಪದಗಳನ್ನು ಹುಡುಕಿ ನೋಡಬಹುದು.