ಸೊಂಟ ಹಿಡಿದರೆ ತಪ್ಪು ಕೆಲಸದವರದ್ದಾ?

ವಯಸ್ಸಾದವರನ್ನು ನೋಡಿಕೊಳ್ಳುವವರು ಸೊಂಟ ನೋವು ಅಂದರೆ ಸಾಕು, ಎಲ್ಲರ ಹತ್ತಿರವೂ ಒಂದೇ ಬುದ್ಧಿಮಾತು ಇರುತ್ತದೆ. "ಬೆನ್ನು ಬಗ್ಗಿಸಬೇಡಿ, ಮಂಡಿ ಮಡಚಿ ಎತ್ತಿ." ನಾನೂ ಇದೇ ಕೆಲಸ ಮಾಡುವವಳು. ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಹಾಸಿಗೆಯಲ್ಲಿ ಕೆಳಕ್ಕೆ ಜಾರಿದ ಅಜ್ಜನನ್ನು ಮೇಲಕ್ಕೆ ಸರಿಸುವುದು ಹೇಗೆ ಅಂತ ಒಮ್ಮೆ ನೋಡಿ. ಮಂಚ ನನ್ನ ಮಂಡಿ ಮಟ್ಟಕ್ಕಿದೆ. ಒಂದು ಪಕ್ಕ ಗೋಡೆಗೆ ಒತ್ತಿಕೊಂಡಿದೆ. ಹಾಗಾಗಿ ಒಂದೇ ಕಡೆಯಿಂದ ಬಗ್ಗಿ, ಕೈ ಚಾಚಿ, ಸೊಂಟ ತಿರುಗಿಸಿ ಎಳೆಯಬೇಕು. ಮಂಡಿ ಮಡಚಿದರೆ ಮಂಚಕ್ಕೇ ತಾಗುತ್ತದೆ. ಅಷ್ಟರಲ್ಲಿ ಅವರಿಗೆ ಬಿದ್ದೇಬಿಡ್ತೀನಿ ಅನ್ನೋ ಭಯ. ಗಬಕ್ಕನೆ ನನ್ನ ಕತ್ತು ಹಿಡಿದು ಜೋತು ಬೀಳುತ್ತಾರೆ. ಪಾಪ, ಅವರ ತಪ್ಪಲ್ಲ. ಆದರೆ ಆ ಒಂದು ಜಗ್ಗಿಗೆ ಹೆಗಲಿನಿಂದ ಸೊಂಟದವರೆಗೆ ಚಳಕು ಹೊಡೆಯುತ್ತದೆ. ಮೂಟೆಯಾದರೆ ಎತ್ತುವಾಗ ಅಲುಗಾಡುವುದಿಲ್ಲ, ಅಲ್ವಾ?

ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಷ್. ಅದರ ಸೂತ್ರದ ಪ್ರಕಾರ ಎಲ್ಲ ಅನುಕೂಲ ಇದ್ದಾಗಲೂ ಎತ್ತುವ ಭಾರದ ಮಿತಿ 23 ಕೆಜಿ. ಮನುಷ್ಯರನ್ನು ಎತ್ತುವಾಗ ಆ ಮಿತಿ ಸುಮಾರು 16 ಕೆಜಿ ಅಂತ ಅಲ್ಲಿನ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಬರೆದರು. 60 ಕೆಜಿ ತೂಗುವವರ ಒಂದು ಕಾಲೇ 10 ಕೆಜಿ ಹತ್ತಿರ ಬರುತ್ತದೆ. ಇನ್ನು ಇಡೀ ಮನುಷ್ಯನನ್ನು ಒಬ್ಬಳೇ ಎತ್ತುವಾಗ ಯಾವ ಭಂಗಿ ಕಾಪಾಡುತ್ತದೆ?

ಎತ್ತುವ ವಿಧಾನ ಕಲಿಸಿದ ಮಾತ್ರಕ್ಕೆ ಬೆನ್ನುನೋವು ತಪ್ಪುವುದಿಲ್ಲ ಅಂತ ಇಂಥ ತರಬೇತಿಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರೂ ಹೇಳಿದ್ದಾರೆ. ಆದರೂ ವರ್ಷಕ್ಕೊಂದು ತರಬೇತಿ ಮುಗಿಸಿ, ಸಹಿ ಹಾಕಿಸಿಕೊಂಡು, ಜವಾಬ್ದಾರಿ ಕಳೆಯಿತು ಅಂದುಕೊಳ್ಳುವ ಸಂಸ್ಥೆಗಳಿವೆ. ನಾಳೆ ಸೊಂಟ ಹಿಡಿದರೆ "ಹೇಳಿಕೊಟ್ಟ ಹಾಗೆ ಮಾಡಲಿಲ್ಲ" ಅನ್ನಬಹುದಲ್ಲ.

ಬೇಕಾಗಿರುವುದು ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಮಂಚ. ಮೈ ಕೆಳಗೆ ಹಾಕಿ ಸರಿಸುವ ನುಣುಪಾದ ಸ್ಲೈಡ್ ಶೀಟ್. ಪಟ್ಟಿ ಕಟ್ಟಿ ಮನುಷ್ಯರನ್ನು ಎತ್ತಿ ಕೂರಿಸುವ ಯಂತ್ರ, ಹಾಯಿಸ್ಟ್. ಇವೆಲ್ಲದರ ಜೊತೆಗೆ ಜನ ಬೇಕು. ನಾನು ಕೆಲಸ ಮಾಡಿದ ಒಂದು ಕಡೆ ಹಾಯಿಸ್ಟ್ ಇತ್ತು, ಮೂಲೆಯಲ್ಲಿ. ಅದನ್ನು ತಂದು ಪಟ್ಟಿ ಸಿಕ್ಕಿಸುವಷ್ಟರಲ್ಲಿ ಪಕ್ಕದ ಕೋಣೆಯಿಂದ ಕರೆಗಂಟೆ ಶುರುವಾಗುತ್ತಿತ್ತು. ಜೊತೆಗೆ ಇನ್ನೊಬ್ಬರು ಇಲ್ಲ. ಸರಿ, ಕೈಯಲ್ಲೇ ಎತ್ತಿಬಿಡುತ್ತಿದ್ದೆವು. ಕಂಕುಳಿಗೆ ಕೈ ಹಾಕಿ ಎತ್ತಿದರೆ ಆ ವಯಸ್ಸಾದವರ ಭುಜಕ್ಕೂ ಏಟು, ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ.

ನೋವು ಅಂತ ಬಾಯಿಬಿಟ್ಟರೆ ಡ್ಯೂಟಿ ತಪ್ಪುತ್ತದೆ, ಸಂಬಳ ಹೋಗುತ್ತದೆ. ಅದಕ್ಕೇ ಮಾತ್ರೆ ನುಂಗಿ, ಸೊಂಟಕ್ಕೆ ಬೆಲ್ಟ್ ಬಿಗಿದು ಬರುತ್ತಾರೆ. ಮನೆಗಳಲ್ಲಿ ಒಂಟಿಯಾಗಿ ದುಡಿಯುವವರ ಕಷ್ಟ ಇನ್ನೂ ಜಾಸ್ತಿ. ಕೂಗಿ ಕರೆಯಲೂ ಜೊತೆಯವರಿಲ್ಲ.

ಸಂಸ್ಥೆ ನಡೆಸುವವರೇ, ಬೆನ್ನುನೋವಿನ ತರಬೇತಿಗೆ ಮೊದಲು ಒಂದು ಶಿಫ್ಟ್‌ಗೆ ಎಷ್ಟು ಜನ ಇದ್ದಾರೆ ಅಂತ ಎಣಿಸಿ. ಮನೆಯಲ್ಲಿ ಆರೈಕೆಗೆ ಜನ ಇಟ್ಟುಕೊಂಡವರೇ, ಮಂಚವನ್ನು ಗೋಡೆಯಿಂದ ಈಚೆಗೆ ಎಳೆದು ಎರಡೂ ಕಡೆ ನಿಲ್ಲಲು ಜಾಗ ಬಿಡಿ. ಅಪ್ಪ ಅಮ್ಮನನ್ನು ಎಬ್ಬಿಸುವ ಹೊತ್ತಿಗೆ ನೀವೂ ಬಂದು ಒಂದು ಕೈ ಹಾಕಿ.