ಪುಣೆಯ ಮಾವ್ಶಿ, ಬೆಂಗಳೂರಿನ ಮೆಷಿನ್ನು

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಸೊಸೈಟಿಯ ಹಿಂದೆ ಒಂದು ತಗಡಿನ ಶೆಡ್ ಇದೆ. ಒಣ ಕಸ ಬೇರ್ಪಡಿಸುವ ಜಾಗ. ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅಲ್ಲಿ ಹೊರದೇಶದವರ ಗುಂಪೊಂದು ನಿಂತಿತ್ತು. ಕುತ್ತಿಗೆಯಲ್ಲಿ ಕ್ಯಾಮೆರಾ, ಕೈಯಲ್ಲಿ ನೋಟ್‌ಬುಕ್. ನಡುವೆ ಸೀರೆಯ ಮೇಲೆ ಕೋಟು ತೊಟ್ಟ, ನಮ್ಮ ಕಟ್ಟಡದ ಕಸ ಒಯ್ಯುವ ಮಾವ್ಶಿ (ಮರಾಠಿಯಲ್ಲಿ ಚಿಕ್ಕಮ್ಮ). ಎರಡು ಪ್ಲಾಸ್ಟಿಕ್ ಕವರುಗಳನ್ನು ಒಂದಾದ ಮೇಲೊಂದು ಕಿವಿಯ ಹತ್ತಿರ ಹಿಡಿದು ಉಜ್ಜಿ ತೋರಿಸುತ್ತಿದ್ದರು. ಚರಚರ ಅಂದರೆ ಒಂದು ಜಾತಿ, ಮೆತ್ತಗೆ ಸದ್ದಿಲ್ಲದೆ ಮುದುಡಿದರೆ ಇನ್ನೊಂದು. ಎರಡಕ್ಕೂ ಗುಜರಿಯಲ್ಲಿ ಬೇರೆ ಬೇರೆ ರೇಟು. ಒಬ್ಬ ಹುಡುಗಿ ಅದನ್ನು ಇಂಗ್ಲಿಷಿಗೆ ಹೇಳುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಮಾವ್ಶಿಯ ಫೋನು ಹೊಡೆದುಕೊಂಡಿತು. ‘ಇಲ್ಲೇ ಶೆಡ್ಡಿನ್ಯಾಗ ಅದೀನವ್ವಾ, ಪರದೇಶದ ಮಂದಿ ಬಂದಾರ, ಆಮ್ಯಾಲ ಮಾತಾಡ್ತೀನಿ’ ಅಂದರು. ನಾನು ಅಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ಇವರ ಜೊತೆ ಹರಕುಮುರುಕು ಮರಾಠಿಯಲ್ಲೇ ಒದ್ದಾಡಿದ್ದೇನೆ!

ಗುಂಪು ಹೋದ ಮೇಲೆ ಕೇಳಿದೆ, ‘ಯಾವೂರಕ್ಕಾ ನಿಮ್ದು?’

‘ಇಂಡಿ ಕಡೆಯವರ್ರೀ. ನೀವು?’

ಬೆಂಗಳೂರು ಅಂದೆ. ಅವರ ಮುಖ ಸ್ವಲ್ಪ ಬದಲಾಯಿತು. ‘ಇಲ್ಲಿಗೆ ಬರೂಕಿಂತ ಮೊದಲ ಅಲ್ಲೇ ಇದ್ದೆವ್ರೀ ಅಣ್ಣಾರ. ಕಸ ಆರಿಸಾಕಿ ಅಂದ್ರ ಗೇಟಿನ ಒಳಗೂ ಬಿಡ್ತಿದ್ದಿಲ್ರಿ. ಇಲ್ಲಿ ನೋಡ್ರಿ, ದೂರದೇಶದವ್ರು ಬಂದು ನನ್ನ ಕೇಳಿ ಬರ್ಕೊಂಡು ಹೋಗ್ತಾರ.’

ಬೈದದ್ದಲ್ಲ ಅದು. ಸುಮ್ನೆ ಹೇಳಿದ್ದು. ಆದರೂ ಚುಚ್ಚಿತು. ಅದೇ ತಿಂಗಳು ಭಾವ ಬೆಂಗಳೂರಿನ ಟೆಕ್ ಸಮಿಟ್‌ನಿಂದ ಫೋಟೋಗಳನ್ನು ಕಳಿಸಿದ್ದರು. ಸಾಲುಸಾಲು ದೇಶಗಳ ಬಾವುಟ, ಒಪ್ಪಂದದ ಕಾಗದ ಹಿಡಿದು ನಗುವವರು, ಒಂದು ಸ್ಟಾಲಿನಲ್ಲಿ ಸೆನ್ಸರ್ ಇರುವ ಕಸದ ಡಬ್ಬಿ. ತುಂಬಿದಾಗ ಅದೇ ಮೆಸೇಜ್ ಕಳಿಸುತ್ತದಂತೆ. ತ್ಯಾಗರಾಜನಗರದಲ್ಲಿ ಅಮ್ಮನ ಮನೆ ತಿರುವಿನ ಬ್ಲಾಕ್ ಸ್ಪಾಟ್, ಅಂದರೆ ಜನ ಕಸ ಎಸೆದು ಹೋಗುವ ಮೂಲೆ, ತುಂಬಿದೆ ಅಂತ ತಿಳಿಯಲು ಸೆನ್ಸರ್ ಯಾಕೆ ಬೇಕು, ಮೂಗು ಸಾಲದಾ? ಅಲ್ಲಿ ಕಸ ಹಾಕಬಾರದು ಅಂತ ಪೌರಕಾರ್ಮಿಕರು ಗುಡಿಸಿ, ರಂಗೋಲಿ ಬಿಟ್ಟು ಹೋಗಿದ್ದರು. ರಾತ್ರಿ ಯಾರೋ ರಂಗೋಲಿಯ ಮೇಲೇ ಚೀಲ ಇಟ್ಟು ಹೋದರು.

ಎರಡು ಊರುಗಳಿಗೂ ಪರದೇಶದ ತಂಡ ಬರುತ್ತದೆ, ಎರಡರಲ್ಲೂ ಸ್ಟಾರ್ಟ್‌ಅಪ್‌ಗಳಿವೆ. ವ್ಯತ್ಯಾಸ ಒಂದೇ. ಬಂದವರನ್ನು ಮೊದಲು ಯಾರ ಹತ್ತಿರ ಕರೆದುಕೊಂಡು ಹೋಗುತ್ತಾರೆ? ಪುಣೆಯಲ್ಲಿ ಮಾವ್ಶಿಯ ಹತ್ತಿರ. ಬೆಂಗಳೂರಿನಲ್ಲಿ ಮೆಷಿನ್ನಿನ ಹತ್ತಿರ.

ಪುಣೆಗೆ ಈ ಬುದ್ಧಿ ಒಂದೇ ದಿನದಲ್ಲಿ ಬಂದದ್ದಲ್ಲ. 1993ರಲ್ಲಿ ಇಲ್ಲಿ ಚಿಂದಿ ಆಯುವ ಹೆಂಗಸರು ಸೇರಿ ಒಂದು ಸಂಘಟನೆ ಕಟ್ಟಿದರು. ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್. ಹೆಸರೇ ಕೆಲಸ ಹೇಳುತ್ತದೆ: ಕಾಗದ, ಗಾಜು, ತಗಡು, ಕಷ್ಟಪಡುವವರು. ಹಮಾಲರನ್ನು ಒಗ್ಗೂಡಿಸಿದ್ದ ಬಾಬಾ ಆಢಾವ್ ಬೆನ್ನಿಗೆ ನಿಂತರು. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದವರು ಓಡಾಡಿದರು. ತೊಂಬತ್ತರ ದಶಕದಲ್ಲೇ ಇವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಪೊಲೀಸರು ಹಿಡಿದರೆ ಕಳ್ಳಿಯಲ್ಲ ಅಂತ ತೋರಿಸಲು ಒಂದು ಕಾಗದ ಆಯಿತು. ಆಮೇಲೆ 2008ರ ಸುಮಾರಿಗೆ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ‘ಸ್ವಚ್ಛ’ ಸಹಕಾರಿ ಸಂಘ ಮನೆಮನೆಯ ಕೆಲಸಕ್ಕೆ ಇಳಿಯಿತು. ಈಗ ಮೂರೂವರೆ ಸಾವಿರಕ್ಕೂ ಜಾಸ್ತಿ ಸದಸ್ಯರಿದ್ದಾರೆ. ಅವರೇ ಅದರ ಮಾಲೀಕರು.

ಮಾವ್ಶಿ ತಿಂಗಳ ದುಡ್ಡನ್ನು ನನ್ನ ಕೈಯಿಂದಲೇ ತೆಗೆದುಕೊಳ್ಳುತ್ತಾರೆ. ಒಣ ಕಸ ಮಾರಿದ ದುಡ್ಡೂ ಅವರದೇ. ಹಾಗಾಗಿ ಹಾಲಿನ ಕವರಿಗೆ ಹುಳಿಯನ್ನ ಮೆತ್ತಿದ್ದರೆ ನಷ್ಟ ನೇರವಾಗಿ ಅವರಿಗೇ. ಬೆಲ್ ಒತ್ತಿ ಕರೆಯುತ್ತಾರೆ. ಎದುರು ಮನೆಯ ನಿವೃತ್ತ ಕರ್ನಲ್‌ರನ್ನೂ ಕರೆದು ನಿಲ್ಲಿಸಿ ‘ಓಲಾ ಇಕಡೇ, ಸುಕಾ ತಿಕಡೇ’ (ಹಸಿ ಇಲ್ಲಿ, ಒಣ ಅಲ್ಲಿ) ಅಂತ ಪಾಠ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕರ್ನಲ್ ತಲೆಯಾಡಿಸಿದರು. ಬೆಂಗಳೂರಿನಲ್ಲಿ ನಮ್ಮ ಬೀದಿಗೆ ಕಸದ ಆಟೋ ಹಾಡು ಹಾಕಿಕೊಂಡು ಬರುತ್ತದೆ. ಓಡಿಸುವವನಿಗೆ ಸಂಬಳ ಕೊಡುವವನು ಕಾಂಟ್ರಾಕ್ಟರು. ಆ ಕಾಂಟ್ರಾಕ್ಟರ್ ಯಾರು ಅಂತ ಅಮ್ಮನಿಗೂ ಗೊತ್ತಿಲ್ಲ, ಪಕ್ಕದ ಮನೆಯವರಿಗೂ ಗೊತ್ತಿಲ್ಲ. ಅಮ್ಮ ಎರಡು ಬಕೆಟ್ಟಿನಲ್ಲಿ ಬೇರೆ ಮಾಡಿ ಕೊಟ್ಟದ್ದನ್ನು ಅವರೆದುರೇ ಒಂದಕ್ಕೆ ಸುರಿದುಕೊಂಡು ಹೋದದ್ದೂ ಉಂಟು. ಇನ್ನು ಅಮ್ಮ ಯಾಕೆ ಬೇರೆ ಮಾಡಬೇಕು ಹೇಳಿ?

ಸ್ಟಾರ್ಟ್‌ಅಪ್ ವಿಷಯಕ್ಕೆ ಬರುತ್ತೇನೆ. ಪುಣೆಯಲ್ಲಿ ಹುಟ್ಟಿದ ಪುಟ್ಟ ಕಂಪನಿಗಳನ್ನು ನೋಡಿ. ಅಶಾಯ ಎಂಬುದೊಂದಿದೆ. ಚಿಪ್ಸ್ ಪ್ಯಾಕೆಟ್ಟಿನಿಂದ ತಂಪು ಕನ್ನಡಕ ಮಾಡುತ್ತಾರೆ. ಈ ಪ್ಯಾಕೆಟ್ ಗುಜರಿಯವರು ಕೈಯಿಂದಲೂ ಮುಟ್ಟದ ಮಾಲು. ಪ್ಲಾಸ್ಟಿಕ್ಕು, ನಡುವೆ ಲೋಹದ ತೆಳು ಪದರ, ಮತ್ತೆ ಪ್ಲಾಸ್ಟಿಕ್ಕು. ಅಂಟಿಕೊಂಡ ಇವನ್ನು ಬಿಡಿಸುವುದೇ ಕಷ್ಟ, ಅದಕ್ಕೇ ಬೆಲೆಯಿಲ್ಲ. ಅವರು ಬಿಡಿಸುವ ದಾರಿ ಹುಡುಕಿದರು, ಕಸ ಆರಿಸುವವರನ್ನೇ ಕೆಲಸಕ್ಕೆ ಇಟ್ಟುಕೊಂಡರು. ಇಕೋಕಾರಿಯವರು ಅಂಥವೇ ಕವರುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಚರಕದಲ್ಲಿ ಸುತ್ತಿ, ಮಗ್ಗದಲ್ಲಿ ನೇಯ್ದು ಚೀಲ ಮಾಡುತ್ತಾರೆ. ಪ್ಯಾಡ್‌ಕೇರ್ ಅನ್ನುವವರು ಬಳಸಿದ ಸ್ಯಾನಿಟರಿ ಪ್ಯಾಡನ್ನು ಶುದ್ಧ ಮಾಡಿ, ಒಳಗಿನ ನಾರನ್ನೂ ಪ್ಲಾಸ್ಟಿಕ್ಕನ್ನೂ ಬೇರೆ ಬೇರೆ ತೆಗೆಯುತ್ತಾರೆ.

ಈ ಮೂರೂ ಕೆಲಸಕ್ಕೆ ಬೇಕಾದ್ದು ಒಂದೇ. ಆ ವಸ್ತು ಬೇರೆಯಾಗಿ, ಆದಷ್ಟು ಚೊಕ್ಕವಾಗಿ ಬರಬೇಕು. ಸಾರು ಮೆತ್ತಿದ ಚಿಪ್ಸ್ ಪ್ಯಾಕೆಟ್ಟಿನಿಂದ ಕನ್ನಡಕ ಆಗುವುದಿಲ್ಲ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಟ್ಟು ಕೊಡಿ ಅಂತ ಇಲ್ಲಿ ಮಾವ್ಶಿಯರು ಮನೆಮನೆಯಲ್ಲಿ ಹಟ ಹಿಡಿದು ಹೇಳಿದರು. ಆ ಹಟ ಇರುವ ಊರಿನಲ್ಲಿ ಪ್ಯಾಡ್ ಮರುಬಳಕೆಯ ಕಂಪನಿ ಹುಟ್ಟಿದ್ದು ನನಗಂತೂ ಆಶ್ಚರ್ಯವಲ್ಲ.

ಬೆಂಗಳೂರಿನ ಬುದ್ಧಿ ಬೇರೆ ಥರ ಓಡುತ್ತದೆ. ಟ್ರಾಶ್‌ಕಾನ್ ಎಂಬ ನಮ್ಮೂರಿನ ಕಂಪನಿ ಟ್ರಾಶ್‌ಬಾಟ್ ಅಂತ ಒಂದು ಯಂತ್ರ ಮಾಡಿದೆ. ಬೆರಕೆ ಕಸ ಸುರಿದರೆ ಕೊಳೆಯುವುದನ್ನೂ ಕೊಳೆಯದ್ದನ್ನೂ ತಾನೇ ಬೇರೆ ಮಾಡುತ್ತದೆ. ಉಳಿದ ಪ್ಲಾಸ್ಟಿಕ್ಕಿನಿಂದ ಹಲಗೆ ಮಾಡುತ್ತಾರೆ. ಜಾಣತನದ ಕೆಲಸ, ಎರಡು ಮಾತಿಲ್ಲ. ಆದರೆ ಯೋಚಿಸಿ. ಮನೆಯವರಿಗೆ ‘ಎರಡು ಬಕೆಟ್ ಇಡಿ’ ಅಂತ ಹೇಳಿ ಹೇಳಿ ಸೋತ ಊರು ಕೊನೆಗೆ ಎಂಜಿನಿಯರ್‌ಗಳ ಹತ್ತಿರ ಹೋಯಿತು. ಮಕ್ಕಳು ಹೋಂವರ್ಕ್ ಮಾಡುವುದಿಲ್ಲ ಅಂತ ಹೋಂವರ್ಕ್ ಮಾಡುವ ಯಂತ್ರ ತಂದ ಹಾಗಲ್ಲವಾ ಇದು? 2012ರಲ್ಲಿ ಮಾವಳ್ಳಿಪುರದವರು, ಆಮೇಲೆ ಮಂಡೂರಿನವರು, ನಿಮ್ಮ ಕಸ ನಮಗೆ ಬೇಡ ಅಂತ ಲಾರಿ ತಡೆದರು. ಊರಿಡೀ ನಾರಿತು. ಹೈಕೋರ್ಟು ಮೂಲದಲ್ಲೇ ವಿಂಗಡಿಸಿ ಅಂತ ಆದೇಶ ಕೊಟ್ಟಿತು. ಕೋರ್ಟು ಹೇಳಬೇಕಾ ಇದನ್ನು?

2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದು, ಆರಿಸಲು ಸೈನಿಕರು ಬಂದರಲ್ಲ, ಆಗ ಆಫೀಸಿನಲ್ಲಿ ಊಟದ ಟೇಬಲ್ಲಿಗೆ ಹೋಗಲು ನನಗೆ ಮುಜುಗರ. ‘ಪಾಣ್ಯಾಲಾ ಆಗ?’ ಅಂತ ಎಲ್ಲರೂ ಕೇಳುವವರೇ. ನೀರಿಗೆ ಹೇಗಪ್ಪಾ ಬೆಂಕಿ ಬೀಳುತ್ತೆ ಅಂತ.

ಇನ್ನೊಂದು ಸಣ್ಣ ವಿಷಯ. ಪುಣೆಯ ಗಣಪತಿ ಹಬ್ಬ ಗೊತ್ತೇ ಇದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪ ನೀರಿನಲ್ಲಿ ಕರಗುವುದಿಲ್ಲ, ತಿಂಗಳು ಕಳೆದರೂ ಕೈಕಾಲು ತೇಲುತ್ತಿರುತ್ತವೆ. ಇಲ್ಲಿಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದವರು ಅದಕ್ಕೆ ಒಂದು ಸುಲಭ ದಾರಿ ತೋರಿಸಿದರು. ಬಕೆಟ್ ನೀರಿಗೆ ಅಮೋನಿಯಂ ಬೈಕಾರ್ಬೊನೇಟ್ ಹಾಕಿ ಗಣಪನನ್ನು ಅದರಲ್ಲಿ ಬಿಡುವುದು. ಎರಡು ದಿನದಲ್ಲಿ ಕರಗಿ ತಳದಲ್ಲಿ ಸುಣ್ಣದಂಥ ಪುಡಿ ಕೂರುತ್ತದೆ. ಮೇಲಿನ ನೀರಿನಲ್ಲಿ ಅಮೋನಿಯಂ ಸಲ್ಫೇಟ್, ಅಂದರೆ ಗೊಬ್ಬರ. ಪಾಲಿಕೆಯವರು ಬೈಕಾರ್ಬೊನೇಟ್ ಪುಡಿಯನ್ನು ಪುಕ್ಕಟೆ ಹಂಚುತ್ತಾರೆ. ಬಾವುಟ ಇಲ್ಲ, ಸ್ಟಾಲ್ ಇಲ್ಲ, ಬಾಲ್ಕನಿಯಲ್ಲಿ ಒಂದು ಬಕೆಟ್ ಅಷ್ಟೇ. ಅಮ್ಮನಿಗೆ ಮಾತ್ರ ಇದು ಸರಿಬರಲಿಲ್ಲ. ‘ಮಣ್ಣಿನ ಗಣಪನ್ನೇ ತಂದಿದ್ದರೆ ಈ ಔಷಧಿ ಯಾಕೋ ಬೇಕಿತ್ತು?’ ಅಂದರು. ಅದೂ ಸರಿಯೇ.

ಈಗ ಭಾವನ ವಾದಕ್ಕೂ ಸ್ವಲ್ಪ ಜಾಗ ಕೊಡಬೇಕು. ಕೊಡದಿದ್ದರೆ ಫೋನ್ ಮಾಡಿ ಕೇಳುತ್ತಾರೆ. ‘ನಿಮ್ಮ ಮುಠಾ ನದಿ ಹೇಗಿದೆ?’ ಅನ್ನುವುದು ಅವರ ಖಾಯಂ ಪ್ರಶ್ನೆ. ಹೇಗಿದೆ ಅಂದರೆ, ಭಿಡೆ ಸೇತುವೆ ದಾಟುವಾಗ ಗಾಡಿಯ ಮೇಲೂ ಕರ್ಚೀಫ್ ಮೂಗಿಗೆ ಬರುತ್ತದೆ. ಚರಂಡಿ ನೀರು ಶುದ್ಧ ಮಾಡಲು ಜಪಾನಿನ ಜೈಕಾ ಸಂಸ್ಥೆ 2016ರಲ್ಲೇ ಸಾಲಕ್ಕೆ ಸಹಿ ಹಾಕಿತು. ಸುಮಾರು 990 ಕೋಟಿಯ ಯೋಜನೆ, 11 ಘಟಕ, ದಿನಕ್ಕೆ 39.6 ಕೋಟಿ ಲೀಟರ್ ಸಾಮರ್ಥ್ಯ. ಬಡ್ಡಿ ಶೇಕಡ ಅರ್ಧದಷ್ಟೂ ಇಲ್ಲ, ತೀರಿಸಲು 40 ವರ್ಷ. ಇಷ್ಟು ಒಳ್ಳೆಯ ಸಾಲ ಕೈಯಲ್ಲಿದ್ದೂ ವರ್ಷಗಟ್ಟಲೆ ಟೆಂಡರಿನಲ್ಲೇ ಕಳೆದುಹೋದವು. ಮುಗಿಯಬೇಕಿದ್ದ ಹೊತ್ತಿಗೆ ಕೆಲಸ ಶುರುವಾಯಿತು. 2024ರ ಫೆಬ್ರವರಿಯಲ್ಲಿ ಮುಳಾ ಮುಠಾ ದಂಡೆಯ ಮೇಲೆ ಸೊಳ್ಳೆಗಳು ಸುಂಟರಗಾಳಿಯಂತೆ ಮೇಲೆದ್ದ ವಿಡಿಯೋ ದೇಶವೆಲ್ಲ ಸುತ್ತಿತು. ಆ ವಾರ ಮುಜುಗರ ಪಡುವ ಸರದಿ ಆಫೀಸಿನ ಉಳಿದವರದ್ದು.

ಅದೇ ಜೈಕಾ ಕೊಟ್ಟ ಬೇರೊಂದು ಸಾಲದಲ್ಲಿ ಬೆಂಗಳೂರಿನವರು ಕಾವೇರಿ ಐದನೇ ಹಂತ ಮುಗಿಸಿದರು. 2024ರ ಅಕ್ಟೋಬರಿನಲ್ಲಿ ತೊರೆಕಾಡನಹಳ್ಳಿಯಿಂದ ನೀರು ಹರಿಯಿತು, ದಿನಕ್ಕೆ 77.5 ಕೋಟಿ ಲೀಟರ್, ಊರಂಚಿನ 110 ಹಳ್ಳಿಗಳಿಗೆ. ಅವರೂ ತಡ ಮಾಡಿದರು ಅಂತ ನಾನು ವಾದಿಸಬಹುದು. ಆದರೆ ನೀರು ಬಂತಲ್ಲ. ಕೋಲಾರದ ಬತ್ತಿದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಹೋಗುತ್ತಿದೆ. ಆ ನೀರು ಸಾಕಷ್ಟು ಶುದ್ಧವಾ ಅಂತ ಜಗಳ ಇದೆ. ಆದರೂ ಪುಣೆಯವರು ಅಂಥದ್ದನ್ನು ತೋರಿಸಲಿ ನೋಡೋಣ ಅನ್ನುತ್ತಾರೆ ಭಾವ. ನನ್ನ ಹತ್ತಿರ ಉತ್ತರ ಇಲ್ಲ.

ಮಾವ್ಶಿಯ ಗೌರವವೂ ಇಲ್ಲಿ ಕಲ್ಲಿನಲ್ಲಿ ಕೆತ್ತಿದ್ದಲ್ಲ. 2020ರ ಕೊನೆಗೆ ‘ಸ್ವಚ್ಛ’ದ ಒಪ್ಪಂದ ಮುಗಿದಾಗ ಕೆಲಸವನ್ನು ಖಾಸಗಿ ಕಾಂಟ್ರಾಕ್ಟರಿಗೆ ಕೊಡುವ ಮಾತು ಎದ್ದಿತ್ತು. ಹೆಂಗಸರು ಬೀದಿಗಿಳಿಯಬೇಕಾಯಿತು. ಇನ್ನು ಉರುಳಿ ದೇವಾಚಿ, ಫುರಸುಂಗಿಯ ಜನರನ್ನು ಕೇಳಿದರೆ, ಮಂಡೂರಿನವರು ಹೇಳಿದ್ದನ್ನೇ ಮರಾಠಿಯಲ್ಲಿ ಹೇಳುತ್ತಾರೆ. ಪುಣೆಯ ಕಸದ ಗುಡ್ಡ ಅವರ ಹಿತ್ತಲಲ್ಲೇ ಬೆಳೆದದ್ದು.

ಮತ್ತೆ ಇದನ್ನೂ ಹೇಳಿಬಿಡುತ್ತೇನೆ, ಮನಸ್ಸಿಲ್ಲದಿದ್ದರೂ. ಪುಣೆಯ ಆ ಹಳೆಯ ಸಂಘಟನೆಯಲ್ಲಿ ದುಡಿದ ನಳಿನಿ ಶೇಖರ್ ಅವರೇ ಆಮೇಲೆ ಬೆಂಗಳೂರಿನಲ್ಲಿ ‘ಹಸಿರು ದಳ’ ಕಟ್ಟಿದವರು. ಅಲ್ಲೂ ಗುರುತಿನ ಚೀಟಿ ಬಂತು. ವಾರ್ಡುಗಳಲ್ಲಿ ಒಣ ಕಸದ ಕೇಂದ್ರಗಳು ಬಂದವು, ಕಸ ಆರಿಸುತ್ತಿದ್ದವರೇ ಹಲವನ್ನು ನಡೆಸುತ್ತಾರೆ. ಪರದೇಶದ ವ್ಯವಹಾರವೂ ಅವರ ಅಂಗಳಕ್ಕೇ ಬಂತು. ಪ್ಲಾಸ್ಟಿಕ್ಸ್ ಫಾರ್ ಚೇಂಜ್ ಎಂಬ ಕಂಪನಿ ಬೆಂಗಳೂರಿನಲ್ಲಿ ಆರಿಸಿದ ಪ್ಲಾಸ್ಟಿಕ್ಕನ್ನು ನ್ಯಾಯದ ಬೆಲೆ ಕೊಟ್ಟು ಕೊಂಡು, 2019ರಿಂದ ಇಂಗ್ಲೆಂಡಿನ ಬಾಡಿ ಶಾಪ್‌ನ ಬಾಟಲಿಗಳಿಗೆ ಒದಗಿಸಿತು. ಮಂಗಳೂರಿನ ಪಚ್ಚನಾಡಿಯಲ್ಲಿ ಅದೇ ಕಂಪನಿ ಮರುಬಳಕೆಯ ಪ್ಲಾಸ್ಟಿಕ್ ಹಲಗೆಗಳಿಂದ ಒಬ್ಬ ಚಿಂದಿ ಆಯುವ ಹೆಂಗಸಿಗೆ ಮನೆಯನ್ನೇ ಕಟ್ಟಿಸಿಕೊಟ್ಟಿತು. ಹಾಗಿದ್ದರೆ ನಮ್ಮ ಮಾವ್ಶಿಯನ್ನು ಗೇಟಿನ ಒಳಗೆ ಬಿಡದವರು ಯಾರು? ಇವೆಲ್ಲ ಬರುವ ಮುಂಚಿನ ಬೆಂಗಳೂರು ಇರಬಹುದು. ಅಥವಾ ಕೇಂದ್ರ ಬಂದರೂ ಗೇಟು ತೆರೆಯದ ಬೀದಿ ಇರಬಹುದು. ನನಗೆ ಎರಡನೆಯದೇ ಜಾಸ್ತಿ ಅನುಮಾನ, ನಮ್ಮ ಬೀದಿ ನೋಡಿದವನು ನಾನು.

ಹೋದ ತಿಂಗಳ ಸೊಸೈಟಿ ಮೀಟಿಂಗಿನಲ್ಲಿ ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಮಾತು ಬಂತು. ಸೆಕ್ರೆಟರಿ ಮೊಬೈಲಿನಲ್ಲಿ ಮೂರು ಮಣ್ಣಿನ ಮಡಕೆ ಒಂದರ ಮೇಲೊಂದು ಕೂತ ‘ಕಂಬ’ದ ಚಿತ್ರ ತೋರಿಸಿದರು. ಮಾಡಿದವರು ಬೆಂಗಳೂರಿನ ಡೈಲಿ ಡಂಪ್. 2006ರಿಂದ ಇದ್ದಾರೆ, ಸೆನ್ಸರ್ ಗಿನ್ಸರ್ ಏನೂ ಇಲ್ಲ, ಡಿಸೈನನ್ನೂ ಬಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟವರು. ‘ತುಮಚ್ಯಾ ಗಾವಚಂ ಆಹೇ’, ನಿಮ್ಮೂರಿನದೇ, ಅಂದರು ಸೆಕ್ರೆಟರಿ ನನ್ನ ಕಡೆ ತಿರುಗಿ. ನಾನು ಗತ್ತಿನಿಂದ ತಲೆಯಾಡಿಸಿದೆ. ಎರಡನೇ ಮಹಡಿಯವರು ಹುಳ ಬರುತ್ತೆ ಅಂತ ತಕರಾರು ತೆಗೆದದ್ದರಿಂದ ವಿಷಯ ಮುಂದಿನ ಮೀಟಿಂಗಿಗೆ ಹೋಗಿದೆ.